ಲಿನಕ್ಸ್ ಹಾಕಿದ ಮೇಲೆ ವಿಂಡೋಸ್ ಕಾಣ್ತಿಲ್ವಾ? ಮೊದಲು ಪರದೆ ನೋಡಿ

ಭಾನುವಾರ ರಾತ್ರಿ ಒಂಬತ್ತರ ಹೊತ್ತಿಗೆ ದಾವಣಗೆರೆಯ ನಿಟ್ಟುವಳ್ಳಿಯಿಂದ ದೊಡ್ಡಪ್ಪನ ಫೋನು. "ನಿನ್ ತಮ್ಮ ಕಂಪ್ಯೂಟರ್‌ಗೆ ಏನೋ ಹಾಕ್ಯಾನೆ. ಲೆಕ್ಕ ಎಲ್ಲಾ ಹೋತು ನೋಡಪ್ಪ." ದೊಡ್ಡಪ್ಪನದು ಮೆಕ್ಕೆಜೋಳದ ದಲಾಲಿ ಮಂಡಿ. ಲೆಕ್ಕವೆಲ್ಲ ಮನೆಯ ಕಂಪ್ಯೂಟರಿನ ಟ್ಯಾಲಿಯಲ್ಲಿದೆ. ತಮ್ಮ ಇಂಜಿನಿಯರಿಂಗ್ ಎರಡನೇ ವರ್ಷ. ಮಗನಿಗೆ ಲಿನಕ್ಸ್ ಬೇಕು, ಅಪ್ಪನಿಗೆ ಟ್ಯಾಲಿ ಬೇಕು, ಟ್ಯಾಲಿಗೆ ವಿಂಡೋಸ್ ಬೇಕು. ಎರಡನ್ನೂ ಒಂದೇ ಡಬ್ಬಿಯಲ್ಲಿ ಇಡುವ ಏರ್ಪಾಡಿಗೇ ಡ್ಯುಯಲ್ ಬೂಟ್ ಅನ್ನುವುದು.

ಲೆಕ್ಕ ಎಲ್ಲೂ ಹೋಗಿರಲಿಲ್ಲ. ಆದರೆ ತಮ್ಮ ಆಗಲೇ ಪೆನ್ ಡ್ರೈವ್ ಕೈಯಲ್ಲಿ ಹಿಡಿದು, "ಅಣ್ಣಾ, ಎಲ್ಲಾ ತೆಗೆದು ಮೊದಲಿಂದ ಹಾಕಿಬಿಡ್ಲಾ?" ಅಂತ ಕೇಳುತ್ತಿದ್ದ. ಹಾಗೆ ಮಾಡಿದ್ದರೆ ನಿಜವಾಗಿಯೂ ಹೋಗುತ್ತಿತ್ತು. ನಾನು ರಿಪೇರಿ ಅಂಗಡಿಯವನಲ್ಲ, ನೆಂಟರ ಮನೆಗಳ ಕಂಪ್ಯೂಟರ್ ನೋಡಿ ನೋಡಿ ಕಲಿತವನು. 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಸಾಮಾನ್ಯ ಬೆಂಬಲ ಮುಗಿದ ಮೇಲೆ ಇಂಥ ಫೋನು ಜಾಸ್ತಿಯಾಗಿವೆ. ಹಳೆಯ ಯಂತ್ರಕ್ಕೆ ವಿಂಡೋಸ್ 11 ಹತ್ತುವುದಿಲ್ಲ, ಹಾಗಾಗಿ ಜನ ಲಿನಕ್ಸ್ ಕಡೆ ನೋಡುತ್ತಿದ್ದಾರೆ. ಎಲ್ಲರಿಗೂ ನಾನು ಮೊದಲು ಕೇಳುವ ಪ್ರಶ್ನೆ ಒಂದೇ: ಪರದೆಯ ಮೇಲೆ ಕೊನೆಗೆ ಏನು ಕಂಡಿತು? ಅದರ ಫೋಟೋ ತೆಗೆದು ಕಳಿಸಿ. ಅಲ್ಲಿವರೆಗೆ ಏನನ್ನೂ ಮುಟ್ಟಬೇಡಿ.

ಒಂದು ಮಾತು. ಕಮಾಂಡ್‌ಗಳನ್ನು ಇಲ್ಲಿ ಕನ್ನಡ ಅಕ್ಷರದಲ್ಲಿ ಬರೆದಿದ್ದೇನೆ. ಟೈಪ್ ಮಾಡುವಾಗ ಇಂಗ್ಲಿಷಿನ ಸಣ್ಣ ಅಕ್ಷರಗಳಲ್ಲೇ ಮಾಡಬೇಕು. ದೊಡ್ಡ ಅಕ್ಷರ ಬೇಕಾದ ಕಡೆ ಹೇಳಿದ್ದೇನೆ.

ಕಂಪ್ಯೂಟರ್ ಎದ್ದೇಳುವ ದಾರಿ

ಇದು ಗೊತ್ತಿದ್ದರೆ ಅರ್ಧ ದೋಷ ಅಲ್ಲೇ ಸಿಗುತ್ತದೆ. ಪವರ್ ಬಟನ್ ಒತ್ತಿದಾಗ ಮೊದಲು ಏಳುವುದು ಮದರ್‌ಬೋರ್ಡಿನಲ್ಲಿರುವ ಯುಇಎಫ್ಐ. ಇದು ಹಳೆಯ ಬಯೋಸ್‌ನ ಜಾಗಕ್ಕೆ ಬಂದದ್ದು, ಬಾಯಿ ಮಾತಿನಲ್ಲಿ ಇದನ್ನೂ ಬಯೋಸ್ ಅಂತಲೇ ಕರೆಯುತ್ತೇವೆ. ಯಾವುದನ್ನು ಮೊದಲು ಎಬ್ಬಿಸಬೇಕು ಎಂಬ ಪಟ್ಟಿ ಅದರ ಹತ್ತಿರ ಇರುತ್ತದೆ. ಪಟ್ಟಿ ಹಿಡಿದು ಅದು ಡಿಸ್ಕಿನ ಒಂದು ಪುಟ್ಟ ಭಾಗಕ್ಕೆ ಹೋಗುತ್ತದೆ. ಅದೇ ಇಎಫ್ಐ ಪಾರ್ಟಿಷನ್. ಎಷ್ಟೋ ಕಂಪ್ಯೂಟರುಗಳಲ್ಲಿ ಅದು ಬರೀ 100 ಎಂಬಿ. ಅದರೊಳಗೆ ಮೈಕ್ರೋಸಾಫ್ಟ್ ಎಂಬ ಫೋಲ್ಡರ್ ಇರುತ್ತದೆ. ಉಬುಂಟು ಎಂಬ ಬಗೆಯ ಲಿನಕ್ಸ್ ಹಾಕಿದರೆ ಪಕ್ಕದಲ್ಲಿ ಅದೇ ಹೆಸರಿನ ಇನ್ನೊಂದು ಫೋಲ್ಡರ್ ಸೇರುತ್ತದೆ. ಲಿನಕ್ಸ್ ಮಿಂಟ್ ಹಾಕಿದರೂ ಹೆಸರು ಉಬುಂಟು ಅಂತಲೇ ಇರುತ್ತದೆ, ಗಾಬರಿ ಬೇಡ. ಲಿನಕ್ಸ್ ಫೋಲ್ಡರಿನಿಂದ ಗ್ರಬ್ ಎಂಬ ಪ್ರೋಗ್ರಾಂ ಏಳುತ್ತದೆ. "ಯಾವುದು ಬೇಕು, ಲಿನಕ್ಸೋ ವಿಂಡೋಸೋ" ಅಂತ ಕೇಳುವ ಮೆನು ಅದರದ್ದು. ನೀವು ಆರಿಸಿದ ಮೇಲಷ್ಟೇ ನಿಜವಾದ ಲಿನಕ್ಸ್ ಅಥವಾ ವಿಂಡೋಸ್ ಶುರುವಾಗುವುದು.

ಅಂದರೆ ಎರಡಕ್ಕೂ ಬೇರೆ ಬೇರೆ ಫೋಲ್ಡರ್, ಬೇರೆ ಬೇರೆ ಬಾಗಿಲು. ಒಂದು ಬಾಗಿಲು ಕಾಣದಿದ್ದರೆ ಒಳಗಿನ ಮನೆ ಬಿದ್ದುಹೋಗಿದೆ ಅಂತಲ್ಲ.

ಮೆನುವಿನಲ್ಲಿ ವಿಂಡೋಸ್ ಇಲ್ಲ

ದೊಡ್ಡಪ್ಪನ ಮನೆಯದ್ದು ಇದೇ. ಆನ್ ಮಾಡಿದರೆ ನೇರ ಲಿನಕ್ಸ್. ಮೆನುವೂ ಇಲ್ಲ, ವಿಂಡೋಸೂ ಇಲ್ಲ.

ಮೊದಲ ಪರೀಕ್ಷೆಗೆ ಲಿನಕ್ಸ್ ಬೇಕಿಲ್ಲ. ಕಂಪ್ಯೂಟರ್ ಆನ್ ಮಾಡಿದ ಕೂಡಲೇ ಬೂಟ್ ಮೆನುವಿನ ಕೀಯನ್ನು ಟಕಟಕ ಒತ್ತುತ್ತಾ ಇರಿ. ಡೆಲ್, ಲೆನೊವೊಗಳಲ್ಲಿ ಹೆಚ್ಚಾಗಿ ಎಫ್12, ಎಚ್‌ಪಿಯಲ್ಲಿ ಎಫ್9, ಏಸುಸ್ ಲ್ಯಾಪ್‌ಟಾಪಿನಲ್ಲಿ ಎಸ್ಕೇಪ್. ಬರುವ ಪಟ್ಟಿಯಲ್ಲಿ 'ವಿಂಡೋಸ್ ಬೂಟ್ ಮ್ಯಾನೇಜರ್' ಅಂತ ಇದೆಯಾ? ಇದ್ದರೆ ಅದನ್ನೇ ಆರಿಸಿ. ತಮ್ಮನಿಗೆ ಫೋನಿನಲ್ಲೇ ಇದನ್ನು ಮಾಡಿಸಿದೆ. ವಿಂಡೋಸ್ ಬಂತು, ಟ್ಯಾಲಿ ತೆರೆಯಿತು, ದೊಡ್ಡಪ್ಪ ಫೋನ್ ಇಟ್ಟು ಊಟಕ್ಕೆ ಹೋದರು. ಉಳಿದ ಕೆಲಸ ಮರುದಿನ ನಿಧಾನಕ್ಕೆ ಮಾಡಿದರೂ ನಡೆಯುತ್ತಿತ್ತು.

ಮರುದಿನ ಹೋಗಿ ಕೂತೆ. ಮೊದಲ ಅನುಮಾನ ಓಎಸ್-ಪ್ರೋಬರ್ ಮೇಲೆ. ಡಿಸ್ಕಿನಲ್ಲಿ ಬೇರೆ ಆಪರೇಟಿಂಗ್ ಸಿಸ್ಟಂ ಇದೆಯಾ ಅಂತ ಹುಡುಕಿ ಗ್ರಬ್‌ಗೆ ಹೇಳುವ ಸಣ್ಣ ಪ್ರೋಗ್ರಾಂ ಅದು. 2021ರಲ್ಲಿ ಬಂದ ಗ್ರಬ್ 2.06ರಿಂದ ಈಚೆಗೆ ಅದು ತಾನಾಗಿ ಓಡುವುದಿಲ್ಲ. ಭದ್ರತೆಯ ಕಾರಣಕ್ಕೆ ಆಫ್ ಮಾಡಿಟ್ಟಿದ್ದಾರೆ. ಆನ್ ಮಾಡುವುದು ಹೀಗೆ: 'ಇಟಿಸಿ' ಫೋಲ್ಡರಿನೊಳಗೆ 'ಡೀಫಾಲ್ಟ್', ಅದರೊಳಗೆ 'ಗ್ರಬ್' ಎಂಬ ಫೈಲ್. ಅದನ್ನು ಸುಡೋ ಹಾಕಿ, ಅಂದರೆ ಅಡ್ಮಿನಿಸ್ಟ್ರೇಟರ್ ಅಧಿಕಾರದಲ್ಲಿ, ಎಡಿಟರಿನಲ್ಲಿ ತೆರೆಯಿರಿ. 'ಗ್ರಬ್_ಡಿಸೇಬಲ್_ಓಎಸ್_ಪ್ರೋಬರ್=ಫಾಲ್ಸ್' ಎಂಬ ಸಾಲು ಬೇಕು. ಸಮ ಚಿಹ್ನೆಯ ಎಡಕ್ಕಿರುವುದು ದೊಡ್ಡ ಅಕ್ಷರದಲ್ಲಿ, ಬಲಕ್ಕಿರುವುದು ಸಣ್ಣ ಅಕ್ಷರದಲ್ಲಿ. ಸಾಲು ಆಗಲೇ ಇದ್ದು ಮುಂದೆ # ಗುರುತಿದ್ದರೆ ಅದನ್ನು ಅಳಿಸಿ. ಉಳಿಸಿ ಹೊರಬಂದು, ಟರ್ಮಿನಲ್ ಎಂಬ ಕಮಾಂಡ್ ಕಿಟಕಿಯಲ್ಲಿ 'ಸುಡೋ ಅಪ್‌ಡೇಟ್-ಗ್ರಬ್' ಓಡಿಸಿ. ಬರುವ ಸಾಲುಗಳಲ್ಲಿ ವಿಂಡೋಸ್ ಬೂಟ್ ಮ್ಯಾನೇಜರ್ ಸಿಕ್ಕಿತು ಅಂತ ತೋರಿಸಿದರೆ ಕೆಲಸ ಮುಗಿಯಿತು. ಹತ್ತರಲ್ಲಿ ಏಳು ಮನೆಗಳಲ್ಲಿ ಇಷ್ಟೇ ಅಂತ ನನ್ನ ಅಂದಾಜು.

ದೊಡ್ಡಪ್ಪನ ಮನೆಯಲ್ಲಿ ಮುಗಿಯಲಿಲ್ಲ. ಸಾಲು ಸರಿ ಮಾಡಿದರೂ ವಿಂಡೋಸ್ ಸಿಗಲಿಲ್ಲ. ಇನ್ನೊಂದು ಸಲ ಓಡಿಸಿದೆ, ಸುಮ್ನೆ. ಇಲ್ಲ. ಅರ್ಧ ಗಂಟೆ ಅಲ್ಲೇ ಕಳೆದೆ. ಮೊದಲೇ ನೋಡಬೇಕಿದ್ದ ಒಂದನ್ನು ನಾನು ನೋಡಿರಲಿಲ್ಲ.

ಅದು 'ಸಿಸ್' ಫೋಲ್ಡರಿನೊಳಗೆ 'ಫರ್ಮ್‌ವೇರ್', ಅದರೊಳಗೆ 'ಇಎಫ್ಐ' ಎಂಬ ಫೋಲ್ಡರ್ ಇದೆಯಾ ಎಂಬುದು. ಇದ್ದರೆ ಲಿನಕ್ಸ್ ಯುಇಎಫ್ಐ ದಾರಿಯಲ್ಲಿ ಎದ್ದಿದೆ. ಇಲ್ಲದಿದ್ದರೆ ಲೆಗಸಿ ಎಂಬ ಹಳೆಯ ಬಯೋಸ್ ದಾರಿಯಲ್ಲಿ ಎದ್ದಿದೆ. ಇಲ್ಲಿ ಇರಲಿಲ್ಲ. ವಿಂಡೋಸ್ ಎಸ್‌ಎಸ್‌ಡಿಯಲ್ಲಿ, ಯುಇಎಫ್ಐ ದಾರಿಯಲ್ಲಿತ್ತು. ತಮ್ಮ ಲಿನಕ್ಸ್ ಹಾಕಿದ್ದು ಪಕ್ಕದ ಹಳೆಯ ಹಾರ್ಡ್‌ಡಿಸ್ಕಿಗೆ, ಲೆಗಸಿ ದಾರಿಯಲ್ಲಿ. ಲೆಗಸಿಯಲ್ಲಿ ಎದ್ದ ಗ್ರಬ್ ಯುಇಎಫ್ಐ ವಿಂಡೋಸನ್ನು ಎಬ್ಬಿಸಲಾರದು. ಅದಕ್ಕೇ ಓಎಸ್-ಪ್ರೋಬರ್ ಕೂಡ ಅದನ್ನು ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ಎಷ್ಟು ಸಲ ಅಪ್‌ಡೇಟ್ ಹೊಡೆದರೂ ಅಷ್ಟೇ.

ಹೀಗೆ ಹೇಗಾಯಿತು ಅಂದರೆ, ಬೂಟ್ ಮೆನುವಿನಲ್ಲಿ ಒಂದೇ ಪೆನ್ ಡ್ರೈವ್ ಎರಡು ಸಲ ಕಾಣುತ್ತಿತ್ತು. ಒಂದರ ಹಿಂದೆ 'ಯುಇಎಫ್ಐ' ಅಂತ ಇತ್ತು, ಇನ್ನೊಂದಕ್ಕೆ ಇರಲಿಲ್ಲ. ತಮ್ಮ ಮೇಲಿನದನ್ನು ಒತ್ತಿದ. ಮೇಲಿದ್ದದ್ದು ಲೆಗಸಿಯದು.

ಇಲ್ಲಿ ಮಾತ್ರ ನಾನು ಮರು ಇನ್‌ಸ್ಟಾಲ್ ಮಾಡಿಸಿದೆ. ಲಿನಕ್ಸ್ ಹಾಕಿ ಒಂದು ದಿನವಾಗಿತ್ತು, ಅದರಲ್ಲಿ ಕಳೆದುಕೊಳ್ಳುವಂಥದ್ದು ಏನೂ ಇರಲಿಲ್ಲ. ದಾರಿ ಬದಲಿಸುವ ಬೇರೆ ಉಪಾಯಗಳಿವೆ, ಆದರೆ ಹೊಸಬರಿಗೆ ಇದೇ ಸಲೀಸು. ಸೆಟಪ್‌ನಲ್ಲಿ, ಅಂದರೆ ಯುಇಎಫ್ಐನ ಸೆಟ್ಟಿಂಗ್ಸ್ ಪರದೆಯಲ್ಲಿ, ಸಿಎಸ್‌ಎಂ ಎಂಬ ಆಯ್ಕೆ ಆಫ್ ಮಾಡಿದೆವು. ಆಗ ಲೆಗಸಿ ದಾರಿಯೇ ಮುಚ್ಚುತ್ತದೆ. ಪೆನ್ ಡ್ರೈವನ್ನು ರೂಫಸ್ ಎಂಬ ಪ್ರೋಗ್ರಾಂನಲ್ಲಿ, ಯುಇಎಫ್ಐಗೆ ಹೊಂದುವ ಜಿಪಿಟಿ ಆಯ್ಕೆ ಆರಿಸಿ ಹೊಸದಾಗಿ ಮಾಡಿದೆವು. ಇನ್‌ಸ್ಟಾಲರ್‌ನಲ್ಲಿ ಎಸ್‌ಎಸ್‌ಡಿಯ ಇಎಫ್ಐ ಪಾರ್ಟಿಷನ್ನನ್ನು ಬಳಸು ಅಂತ ಹೇಳಿ, ಫಾರ್ಮ್ಯಾಟ್ ಗುರುತನ್ನು ಮಾತ್ರ ಹಾಕಲಿಲ್ಲ. ಆ ಗುರುತು ಬಿದ್ದರೆ ವಿಂಡೋಸಿನ ಬಾಗಿಲು ನಿಜಕ್ಕೂ ಹೋಗುತ್ತದೆ, ಎರಡು ಸಲ ನೋಡಿಕೊಳ್ಳಿ. ಆಮೇಲೆ ಗ್ರಬ್ ಮೆನುವಿನಲ್ಲಿ ಎರಡೂ ಬಂದವು.

ತಿರುಗಾಮುರುಗಾ: ಲಿನಕ್ಸ್ ಕಾಣದೆ ನೇರ ವಿಂಡೋಸ್

ಇದು ಸಣ್ಣದು. ಸೆಟಪ್‌ಗೆ ಹೋಗಿ ಬೂಟ್ ಆರ್ಡರ್‌ನಲ್ಲಿ ಉಬುಂಟುವನ್ನು ವಿಂಡೋಸಿನ ಮೇಲೆ ತನ್ನಿ. ವಿಂಡೋಸಿನ ದೊಡ್ಡ ಅಪ್‌ಡೇಟ್ ಆದ ಮೇಲೆ ಕೆಲವೊಮ್ಮೆ ಈ ಸಾಲು ಅದಲುಬದಲಾಗುತ್ತದೆ, ಆಗಲೂ ಮದ್ದು ಇದೇ.

ಕರಿ ಪರದೆ, ಬರೀ 'ಗ್ರಬ್' ಅಂತ ಒಂದು ಪದ

'ಗ್ರಬ್ ರೆಸ್ಕ್ಯೂ' ಅಂತಲೂ ಬರಬಹುದು. ನನ್ನ ಮೊದಲ ಪ್ರಶ್ನೆ: ವಿಂಡೋಸಿನ ಡಿಸ್ಕ್ ಮ್ಯಾನೇಜ್‌ಮೆಂಟ್‌ನಲ್ಲಿ ಏನಾದ್ರೂ ಅಳಿಸಿದ್ರಾ? ಹೆಚ್ಚಿನವರು ಸ್ವಲ್ಪ ತಡೆದು ಹೌದು ಅನ್ನುತ್ತಾರೆ. ಲಿನಕ್ಸ್ ಸಾಕಾಯಿತು, ಜಾಗ ವಾಪಸ್ ಬೇಕು ಅಂತ ಅದರ ಪಾರ್ಟಿಷನ್ ಅಳಿಸಿರುತ್ತಾರೆ. ಆದರೆ ಗ್ರಬ್‌ನ ಮೆನು ಫೈಲ್ ಇದ್ದದ್ದು ಆ ಪಾರ್ಟಿಷನ್ನಿನಲ್ಲೇ. ಗ್ರಬ್ ಎದ್ದಿತು, ಓದಲು ಮೆನು ಇಲ್ಲ, ಹಾಗಾಗಿ ನಿಂತಿತು. ಯುಇಎಫ್ಐ ಯಂತ್ರವಾದರೆ ಬೂಟ್ ಮೆನುವಿನಿಂದ ವಿಂಡೋಸ್ ಬೂಟ್ ಮ್ಯಾನೇಜರ್ ಆರಿಸಿ, ಆಮೇಲೆ ಸೆಟಪ್‌ನಲ್ಲಿ ಅದನ್ನೇ ಮೇಲೆ ತನ್ನಿ. ತುಂಬಾ ಹಳೆಯ ಲೆಗಸಿ ಯಂತ್ರವಾದರೆ ವಿಂಡೋಸ್ ಪೆನ್ ಡ್ರೈವಿನಿಂದ ಎದ್ದು, ರಿಪೇರಿಯ ಕಮಾಂಡ್ ಪ್ರಾಂಪ್ಟ್‌ನಲ್ಲಿ 'ಬೂಟ್‌ರೆಕ್' ಕಮಾಂಡನ್ನು 'ಫಿಕ್ಸ್‌ಎಂಬಿಆರ್' ಆಯ್ಕೆಯೊಂದಿಗೆ ಓಡಿಸಬೇಕು.

48 ಅಂಕಿಯ ಕೀ ಕೇಳುವ ನೀಲಿ ಪರದೆ

ಇದು ಬಿಟ್‌ಲಾಕರ್, ವಿಂಡೋಸಿನ ಡಿಸ್ಕ್ ಬೀಗ. ಈಚಿನ ಎಷ್ಟೋ ಲ್ಯಾಪ್‌ಟಾಪುಗಳಲ್ಲಿ ಮೈಕ್ರೋಸಾಫ್ಟ್ ಖಾತೆ ಹಾಕಿ ಲಾಗಿನ್ ಆದ ಕೂಡಲೇ ಡಿಸ್ಕ್ ತಾನಾಗಿ ಬೀಗ ಹಾಕಿಕೊಂಡಿರುತ್ತದೆ. ಮಾಲೀಕರಿಗೇ ಗೊತ್ತಿರುವುದಿಲ್ಲ. ಬೀಗದ ಕೈ ಇರುವುದು ಟಿಪಿಎಂ ಎಂಬ ಚಿಪ್‌ನಲ್ಲಿ. ಎದ್ದೇಳುವ ದಾರಿ ಬದಲಾಗಿದೆ ಅನಿಸಿದರೆ ಆ ಚಿಪ್ ಬೀಗದ ಕೈ ಕೊಡುವುದಿಲ್ಲ. ಸಹಿ ಇರುವ ಪ್ರೋಗ್ರಾಂ ಮಾತ್ರ ಏಳಲು ಬಿಡುವ ಸೆಕ್ಯೂರ್ ಬೂಟ್ ಎಂಬ ಕಾವಲನ್ನು ಆಫ್ ಮಾಡಿದರೂ ಸಾಕು, ಅನುಮಾನ ಬರುತ್ತದೆ.

ಕೀ ಸಾಮಾನ್ಯವಾಗಿ ನಿಮ್ಮ ಮೈಕ್ರೋಸಾಫ್ಟ್ ಖಾತೆಯಲ್ಲಿರುತ್ತದೆ. ಮೊಬೈಲಿನಿಂದ ಲಾಗಿನ್ ಆಗಿ ನೋಡಬಹುದು. ಯಾರೋ ಮಾಡಿಕೊಟ್ಟ ಖಾತೆ, ಪಾಸ್‌ವರ್ಡ್ ನೆನಪಿಲ್ಲ ಅನ್ನುವವರೇ ಜಾಸ್ತಿ. ಅಂಥವರು ಮೊದಲು ತಾವು ಸೆಟಪ್‌ನಲ್ಲಿ ಬದಲಿಸಿದ್ದನ್ನು ಇದ್ದಂತೆ ವಾಪಸ್ ಮಾಡಿ ನೋಡಿ. ಸೆಕ್ಯೂರ್ ಬೂಟ್ ಮತ್ತೆ ಆನ್ ಮಾಡಿದಾಗ ಏನೂ ಕೇಳದೆ ವಿಂಡೋಸ್ ತೆರೆದದ್ದನ್ನು ನಾನೇ ನೋಡಿದ್ದೇನೆ. ತೆರೆದ ಕೂಡಲೇ ಕೀಯನ್ನು ಒಂದು ಕಾಗದದಲ್ಲಿ ಬರೆದಿಡಿ. ಅಂದ ಹಾಗೆ ಉಬುಂಟು, ಮಿಂಟ್ ಹಾಕಲು ಸೆಕ್ಯೂರ್ ಬೂಟ್ ಆಫ್ ಮಾಡಲೇಬೇಕು ಅನ್ನುವುದು ಹಳೆಯ ಮಾತು. ಹೆಚ್ಚಿನ ಕಡೆ ಆನ್ ಇದ್ದರೂ ನಡೆಯುತ್ತದೆ.

ಇನ್‌ಸ್ಟಾಲರ್‌ಗೆ ಡಿಸ್ಕೇ ಕಾಣುವುದಿಲ್ಲ

ಪೆನ್ ಡ್ರೈವ್ ಒಂದೇ ಕಾಣುತ್ತದೆ, ವಿಂಡೋಸ್ ಇರುವ ಡಿಸ್ಕ್ ಇಲ್ಲ. ಡಿಸ್ಕ್ ಕೆಟ್ಟಿಲ್ಲ. ಇಂಟೆಲ್ ಯಂತ್ರಗಳಲ್ಲಿ ಸೆಟಪ್‌ನ ಸ್ಟೋರೇಜ್ ಆಯ್ಕೆ ಆರ್‌ಎಸ್‌ಟಿ, ರೇಡ್ ಅಥವಾ ವಿಎಂಡಿ ಅಂತ ಇದ್ದರೆ ಹೀಗಾಗಬಹುದು. ಅದನ್ನು ಎಎಚ್‌ಸಿಐ ಎಂಬ ಸಾಮಾನ್ಯ ಆಯ್ಕೆಗೆ ಬದಲಿಸಬೇಕು.

ಆದರೆ ಸೆಟಪ್‌ಗೆ ಹೋಗಿ ಧಡಕ್ಕಂತ ಬದಲಿಸಬೇಡಿ. ವಿಂಡೋಸ್ ಹಳೆಯ ಡ್ರೈವರ್ ಹಿಡಿದುಕೊಂಡೇ ಏಳಲು ನೋಡುತ್ತದೆ, ಡಿಸ್ಕ್ ಸಿಗದೆ ನೀಲಿ ಪರದೆ ತೋರಿಸುತ್ತದೆ. ಅದಕ್ಕೆ ಒಂದು ಸುತ್ತು ದಾರಿ ಇದೆ. ಬಿಟ್‌ಲಾಕರ್ ಇದ್ದರೆ ಮೊದಲು ಅದನ್ನು ನಿಲ್ಲಿಸಿ. ವಿಂಡೋಸಿನಲ್ಲಿ 'ಎಂಎಸ್‌ಕಾನ್ಫಿಗ್' ತೆರೆದು, ಬೂಟ್ ವಿಭಾಗದಲ್ಲಿ ಸೇಫ್ ಬೂಟ್ ಗುರುತು ಹಾಕಿ ರಿಸ್ಟಾರ್ಟ್ ಕೊಡಿ. ವಿಂಡೋಸ್ ಏಳುವ ಮೊದಲೇ ಸೆಟಪ್‌ಗೆ ನುಗ್ಗಿ ಎಎಚ್‌ಸಿಐ ಮಾಡಿ ಉಳಿಸಿ. ಈಗ ವಿಂಡೋಸ್ ಸೇಫ್ ಮೋಡ್‌ನಲ್ಲಿ ಏಳುತ್ತದೆ, ಸರಿಯಾದ ಡ್ರೈವರನ್ನು ತಾನೇ ಹಿಡಿಯುತ್ತದೆ. ಆಮೇಲೆ ಅದೇ ಗುರುತು ತೆಗೆದು ಮತ್ತೆ ರಿಸ್ಟಾರ್ಟ್. ಸೇಫ್ ಮೋಡ್‌ನಲ್ಲಿ ಪಿನ್ ಕೆಲವೊಮ್ಮೆ ನಡೆಯುವುದಿಲ್ಲ, ಖಾತೆಯ ಪಾಸ್‌ವರ್ಡ್ ಗೊತ್ತಿರಲಿ. ಬದಲಿಸಿ ಆಗಲೇ ಸಿಕ್ಕಿಬಿದ್ದಿದ್ದರೆ ಹಳೆಯ ಆಯ್ಕೆಗೆ ವಾಪಸ್ ಹೋಗಿ, ವಿಂಡೋಸ್ ಏಳುತ್ತದೆ.

ಲಿನಕ್ಸ್‌ನಲ್ಲಿ ಡಿ ಡ್ರೈವ್ ತೆರೆಯುತ್ತದೆ, ಆದರೆ ಏನೂ ಉಳಿಸಲಾಗುವುದಿಲ್ಲ

ತಮ್ಮ ಎರಡೇ ದಿನಕ್ಕೆ ಇದನ್ನು ಹಿಡಿದು ಬಂದ. ಕಾರಣ ಫಾಸ್ಟ್ ಸ್ಟಾರ್ಟಪ್. ವಿಂಡೋಸ್ 8ರಿಂದ ಶುರುವಾದದ್ದು ಇದು. ನೀವು ಶಟ್‌ಡೌನ್ ಒತ್ತಿದಾಗ ವಿಂಡೋಸ್ ಪೂರ್ತಿ ಮಲಗುವುದಿಲ್ಲ. ತನ್ನ ಒಳಗಿನ ಸ್ಥಿತಿಯನ್ನು ಡಿಸ್ಕಿನಲ್ಲಿ ಬರೆದಿಟ್ಟು ಹೋಗುತ್ತದೆ, ಮುಂದಿನ ಸಲ ಬೇಗ ಏಳಲಿ ಅಂತ. ಡ್ರೈವ್ ಇನ್ನೂ ತನ್ನದೇ ಕೈಯಲ್ಲಿದೆ ಅಂತ ಅದರ ಲೆಕ್ಕ. ಅಂಥ ಡ್ರೈವಿನಲ್ಲಿ ಬೇರೆಯವರು ಬರೆದರೆ ಫೈಲುಗಳು ಹಾಳಾಗುತ್ತವೆ. ಅದಕ್ಕೇ ಲಿನಕ್ಸ್ 'ಓದಲು ಮಾತ್ರ' ಅಂತ ತೆರೆಯುತ್ತದೆ, ಇಲ್ಲವೇ ತೆರೆಯುವುದೇ ಇಲ್ಲ. ಇಲ್ಲಿ ಲಿನಕ್ಸ್ ಮಾಡುತ್ತಿರುವುದೇ ಸರಿ. ಬಲವಂತವಾಗಿ ತೆರೆಯುವ ಕಮಾಂಡ್ ಯಾರಾದರೂ ಹೇಳಿಕೊಟ್ಟರೆ ಕೇಳಬೇಡಿ. ದೊಡ್ಡಪ್ಪನ ಟ್ಯಾಲಿ ಫೋಲ್ಡರ್ ಇದ್ದದ್ದೂ ಡಿ ಡ್ರೈವಿನಲ್ಲೇ.

ವಿಂಡೋಸಿಗೆ ಹೋಗಿ, ಅಡ್ಮಿನಿಸ್ಟ್ರೇಟರ್ ಆಗಿ ಕಮಾಂಡ್ ಪ್ರಾಂಪ್ಟ್ ತೆರೆದು 'ಪವರ್‌ಸಿಎಫ್‌ಜಿ /ಎಚ್ ಆಫ್' ಅಂತ ಓಡಿಸಿ. ಹೈಬರ್ನೇಟ್ ಜೊತೆಗೆ ಫಾಸ್ಟ್ ಸ್ಟಾರ್ಟಪ್ ಕೂಡ ಹೋಗುತ್ತದೆ. ಇದರಿಂದ ಇನ್ನೊಂದು ಲಾಭವಿದೆ. ಲಿನಕ್ಸ್‌ಗೆ ಜಾಗ ಮಾಡಲು ಸಿ ಡ್ರೈವ್ ಕುಗ್ಗಿಸಲು ಹೋದಾಗ, 100 ಜಿಬಿ ಖಾಲಿ ಇದ್ದರೂ ವಿಂಡೋಸ್ ಬರೀ ಐದೋ ಹತ್ತೋ ಜಿಬಿ ಕೊಡುತ್ತೇನೆ ಅನ್ನುತ್ತದೆ, ಅಲ್ವಾ? ಅಲುಗಾಡಿಸಲಾಗದ ಫೈಲುಗಳು ನಡುವೆ ಕೂತಿರುವುದೇ ಅದಕ್ಕೆ ಕಾರಣ. ಹೈಬರ್ನೇಟ್ ಫೈಲ್ ಅಂಥದ್ದರಲ್ಲಿ ಒಂದು, ಅದು ಹೋದರೆ ಸ್ವಲ್ಪ ಜಾಗ ಬಿಡುತ್ತದೆ. ಪೇಜ್ ಫೈಲ್, ಸಿಸ್ಟಂ ರಿಸ್ಟೋರ್ ಎರಡನ್ನೂ ತಾತ್ಕಾಲಿಕವಾಗಿ ಆಫ್ ಮಾಡಿ ರಿಸ್ಟಾರ್ಟ್ ಆದರೆ ಇನ್ನೂ ಜಾಸ್ತಿ ಸಿಗಬಹುದು.

ಕುಗ್ಗಿಸುವ ಮಾತು ಬಂತಲ್ಲ, ಇಲ್ಲೇ ಹೇಳಿಬಿಡುತ್ತೇನೆ. ಮೇಲೆ ಹೇಳಿದ ದೋಷಗಳಲ್ಲಿ ಸಾಮಾನ್ಯವಾಗಿ ವಿಂಡೋಸಿನ ಮಾಹಿತಿ ಹೋಗುವುದಿಲ್ಲ. ಹೆಚ್ಚಾಗಿ ಹೋಗುವುದು ಎರಡು ಕಡೆ. ಒಂದು, ಪಾರ್ಟಿಷನ್ ಕುಗ್ಗಿಸುವಾಗ ಕರೆಂಟ್ ಹೋದರೆ. ನಮ್ಮ ಕಡೆ ಬೇಸಿಗೆಯಲ್ಲಿ ಮಧ್ಯಾಹ್ನದ ಕರೆಂಟನ್ನು ನಂಬಿ ಡೆಸ್ಕ್‌ಟಾಪಿನಲ್ಲಿ ಈ ಕೆಲಸಕ್ಕೆ ಕೂರಬೇಡಿ. ಯುಪಿಎಸ್ ಇಲ್ಲದಿದ್ದರೆ ಒಂದು ದಿನಕ್ಕೆ ಯಾರದ್ದಾದರೂ ಕೇಳಿ ತನ್ನಿ. ಎರಡು, ಇನ್‌ಸ್ಟಾಲರ್‌ನಲ್ಲಿ 'ಇರೇಸ್ ಡಿಸ್ಕ್' ಒತ್ತಿದರೆ. ಅದನ್ನು ಒತ್ತಿದ್ದು ಖಚಿತವಾದರೆ ಕಂಪ್ಯೂಟರನ್ನು ಆಗಲೇ ಆಫ್ ಮಾಡಿ. ಮತ್ತೆ ವಿಂಡೋಸ್ ಹಾಕಬೇಡಿ, ಏನನ್ನೂ ಕಾಪಿ ಮಾಡಬೇಡಿ. ಹೊಸದಾಗಿ ಬರೆದಷ್ಟೂ ಹಳೆಯದು ಅಳಿಯುತ್ತದೆ. ಆ ಡಿಸ್ಕನ್ನು ಬೇರೆ ಕಂಪ್ಯೂಟರಿಗೆ ಹಚ್ಚಿ ಟೆಸ್ಟ್‌ಡಿಸ್ಕ್ ಅಥವಾ ಫೋಟೋರೆಕ್ ಎಂಬ ಉಚಿತ ಪ್ರೋಗ್ರಾಂನಿಂದ ಹುಡುಕಬಹುದು. ಹಾರ್ಡ್‌ಡಿಸ್ಕಾದರೆ ಆಸೆ ಇದೆ, ಎಸ್‌ಎಸ್‌ಡಿಯಾದರೆ ಕಡಿಮೆ.

ಲಿನಕ್ಸ್ ಆರಿಸಿದ ಮೇಲೆ ಪರದೆ ಕಪ್ಪು

ಎನ್‌ವಿಡಿಯಾ ಕಾರ್ಡ್ ಇರುವ ಕಡೆ ಇದು ಮಾಮೂಲು. ಗ್ರಬ್ ಮೆನುವಿನಲ್ಲಿ ಲಿನಕ್ಸ್ ಸಾಲಿನ ಮೇಲೆ ನಿಂತು ಇ ಅಕ್ಷರ ಒತ್ತಿ. 'ಕ್ವಯಟ್ ಸ್ಪ್ಲ್ಯಾಶ್' ಇರುವ ಸಾಲಿನ ಕೊನೆಗೆ ಒಂದು ಜಾಗ ಬಿಟ್ಟು 'ನೋಮೋಡ್‌ಸೆಟ್' ಸೇರಿಸಿ ಎಫ್10 ಒತ್ತಿ. ಇದು ಆ ಒಂದು ಸಲಕ್ಕೆ ಮಾತ್ರ. ಒಳಗೆ ಹೋದ ಮೇಲೆ ಸರಿಯಾದ ಡ್ರೈವರ್ ಹಾಕಿಕೊಳ್ಳಿ. ಸೆಕ್ಯೂರ್ ಬೂಟ್ ಆನ್ ಇದ್ದರೆ ಡ್ರೈವರ್ ಹಾಕುವಾಗ ಒಂದು ಪಾಸ್‌ವರ್ಡ್ ಇಡಲು ಹೇಳುತ್ತದೆ. ಮುಂದಿನ ಸಲ ಏಳುವಾಗ ನೀಲಿ ಪರದೆಯಲ್ಲಿ 'ಎನ್‌ರೋಲ್ ಎಂಓಕೆ' ಆರಿಸಿ ಅದೇ ಪಾಸ್‌ವರ್ಡ್ ಕೊಡಬೇಕು. ಬಹಳ ಜನ ಆ ಪರದೆಗೆ ಹೆದರಿ ದಾಟಿಸಿಬಿಡುತ್ತಾರೆ, ಆಮೇಲೆ ಡ್ರೈವರ್ ಕೆಲಸ ಮಾಡುತ್ತಿಲ್ಲ ಅಂತ ಫೋನು. ಡ್ರೈವರ್ ಇಳಿಸಲು ವೈಫೈಯೇ ಬರುತ್ತಿಲ್ಲ ಅಂದರೆ ಮೊಬೈಲನ್ನು ಯುಎಸ್‌ಬಿ ಕೇಬಲ್‌ನಲ್ಲಿ ಹಚ್ಚಿ ಯುಎಸ್‌ಬಿ ಟೆದರಿಂಗ್ ಆನ್ ಮಾಡಿ, ನೆಟ್ ಬರುತ್ತದೆ.

ಗಡಿಯಾರ ಐದೂವರೆ ಗಂಟೆ ಹಿಂದೆ

ವಾರ ಕಳೆದ ಮೇಲೆ ದೊಡ್ಡಪ್ಪನ ಫೋನು ಮತ್ತೆ ಬಂತು. "ಬೆಳಿಗ್ಗೆ ಹತ್ತು ಗಂಟೆಗೆ ಕೂತೀನಿ. ಇದು ನಾಲ್ಕೂವರೆ ತೋರಿಸ್ತೈತಿ. ಬ್ಯಾಟರಿ ಹೋತೇನಪ್ಪ?" ಮದರ್‌ಬೋರ್ಡಿನ ಬಟನ್ ಸೆಲ್ ಹೋದರೂ ಸಮಯ ತಪ್ಪುವುದು ನಿಜ. ಆದರೆ ಆಗ ಸಾಮಾನ್ಯವಾಗಿ ತಾರೀಖು ವರ್ಷಗಟ್ಟಲೆ ಹಿಂದೆ ಹೋಗಿರುತ್ತದೆ. ತಪ್ಪು ಸರಿಯಾಗಿ ಐದೂವರೆ ಗಂಟೆ ಇದ್ದರೆ ಸೆಲ್ ಬದಲಿಸಲು ಅಂಗಡಿಗೆ ಹೋಗುವ ಕೆಲಸವಿಲ್ಲ.

ಭಾರತದ ಸಮಯ ಯುಟಿಸಿ ಎಂಬ ಜಾಗತಿಕ ಸಮಯಕ್ಕಿಂತ ಐದೂವರೆ ಗಂಟೆ ಮುಂದೆ. ಲಿನಕ್ಸ್ ಮದರ್‌ಬೋರ್ಡಿನ ಗಡಿಯಾರದಲ್ಲಿ ಯುಟಿಸಿ ಇಡುತ್ತದೆ, ತೋರಿಸುವಾಗ ಐದೂವರೆ ಕೂಡಿಸಿ ತೋರಿಸುತ್ತದೆ. ವಿಂಡೋಸ್ ಅದೇ ಗಡಿಯಾರದಲ್ಲಿ ಊರಿನ ಸಮಯವೇ ಇದೆ ಅಂತ ಓದುತ್ತದೆ. ತಮ್ಮ ರಾತ್ರಿ ಲಿನಕ್ಸ್ ಬಳಸಿದ್ದ, ಅಪ್ಪ ಬೆಳಿಗ್ಗೆ ವಿಂಡೋಸ್ ತೆರೆದರು, ಅಷ್ಟೇ. ಇಬ್ಬರಲ್ಲಿ ಒಬ್ಬರನ್ನು ಒಪ್ಪಿಸಿದರೆ ಸಾಕು. ಲಿನಕ್ಸ್ ಟರ್ಮಿನಲ್‌ನಲ್ಲಿ 'ಟೈಮ್‌ಡೇಟ್‌ಸಿಟಿಎಲ್ ಸೆಟ್-ಲೋಕಲ್-ಆರ್‌ಟಿಸಿ 1' ಅಂತ ಓಡಿಸಿದರೆ ಅದೂ ಊರಿನ ಸಮಯವನ್ನೇ ಇಡಲು ಶುರು ಮಾಡುತ್ತದೆ. ಇದು ಸರಿಯಾದ ಪದ್ಧತಿಯಲ್ಲ ಅಂತ ಲಿನಕ್ಸ್ ಒಂದು ಎಚ್ಚರಿಕೆ ಕೊಡುತ್ತದೆ, ಮನೆ ಕಂಪ್ಯೂಟರಿಗೆ ಅದರಿಂದ ತೊಂದರೆಯಿಲ್ಲ. ಆಮೇಲೆ ವಿಂಡೋಸಿನಲ್ಲಿ ಸಮಯದ ಸೆಟ್ಟಿಂಗ್ಸ್‌ಗೆ ಹೋಗಿ ಒಂದು ಸಲ ಸಿಂಕ್ ಒತ್ತಬೇಕು. ಇದನ್ನೂ ತಮ್ಮನ ಕೈಯಲ್ಲಿ ಫೋನಿನಲ್ಲೇ ಮಾಡಿಸಿದೆ. ದೊಡ್ಡಪ್ಪ ಗೋಡೆ ಗಡಿಯಾರ ನೋಡಿದರು, ಕಂಪ್ಯೂಟರ್ ನೋಡಿದರು. "ಹತ್ತೂ ಇಪ್ಪತ್ತು. ಎರಡೂ ಒಂದೇ ಐತಿ" ಅಂದರು.